ಹಿತ್ತಲಲ್ಲಿ ಕುದುರೆ ಕಟ್ಟಲು ಝೋನಿಂಗ್ ನಕ್ಷೆ ಎಷ್ಟು ಉಪಯೋಗ? ಅಮೆರಿಕದ ಕೌಂಟಿ ವೆಬ್‌ಸೈಟುಗಳ ವಿಮರ್ಶೆ

ಅಮೆರಿಕದಲ್ಲಿ ಮನೆಯ ಹಿತ್ತಲಲ್ಲೇ ಒಂದು ಕುದುರೆ ಕಟ್ಟಬೇಕು, ನಾಲ್ಕು ಮೇಕೆ ಸಾಕಬೇಕು ಎಂದು ಮನೆ ಹುಡುಕುವವರು ಮೊದಲು ತೆರೆಯುವುದು ಆ ಊರಿನ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಆನ್‌ಲೈನ್ ಝೋನಿಂಗ್ ನಕ್ಷೆಯನ್ನು, ಅಂದರೆ ಎಲ್ಲಿ ಏನು ಮಾಡಬಹುದು ಎಂದು ಜಾಗವನ್ನು ವಲಯಗಳಾಗಿ ಹಂಚಿ ತೋರಿಸುವ ನಕ್ಷೆಯನ್ನು. ವಿಳಾಸ ಹಾಕಿದರೆ ಸಾಕು, ಸೈಟಿನ ಗಡಿ, ಅಳತೆ, ವಲಯದ ಬಣ್ಣ, ವಿಮಾನದಿಂದ ತೆಗೆದ ಚಿತ್ರ ಎಲ್ಲವೂ ಒಂದೇ ಪರದೆಯಲ್ಲಿ ಬರುತ್ತವೆ. ಹೆಚ್ಚಿನ ಕಡೆ ಹಣ ಕೊಡಬೇಕಿಲ್ಲ, ಲಾಗಿನ್ ಕೂಡ ಬೇಕಿಲ್ಲ. ಕುದುರೆ ಸಾಕುವವರ ಅಗತ್ಯ ಇಟ್ಟುಕೊಂಡು ತೂಗಿದರೆ ಈ ಸೇವೆಯ ಬಗ್ಗೆ ಹೇಳಬೇಕಾದ್ದು ಇಷ್ಟು: ಯಾವ ಸೈಟು ಬೇಡ ಎಂದು ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೆ ಯಾವ ಸೈಟು ಕೊಳ್ಳಬೇಕು ಎಂದು ತೀರ್ಮಾನಿಸಲು ಇದೊಂದನ್ನೇ ನಂಬಿ ಕೂರಬಾರದು.

ಮೊದಲು ಒಳ್ಳೆಯದನ್ನು ಹೇಳೋಣ. ಲಾಸ್ ಏಂಜಲೀಸ್ ನಗರದ ಝೀಮಾಸ್ ಎಂಬ ನಕ್ಷೆಯನ್ನೇ ತೆಗೆದುಕೊಳ್ಳಿ. ಸೈಟಿನ ಮೇಲೆ ಒತ್ತಿದರೆ ವಲಯದ ಪೂರ್ತಿ ಸಂಕೇತ ಬರುತ್ತದೆ. ಆರ್‌ಎ ಎಂದು ಶುರುವಾದರೆ ಉಪನಗರ ವಲಯ, ಕೊನೆಯಲ್ಲಿ ಕೆ ಅಕ್ಷರ ಇದ್ದರೆ ಆ ಪ್ರದೇಶವನ್ನು ಕುದುರೆ ಸಾಕಣೆಗೆಂದೇ ಗುರುತಿಸಿದ್ದಾರೆ ಎಂದು ಅರ್ಥ. ಅದೇ ನಗರದ ಶಾಡೋ ಹಿಲ್ಸ್ ಬಡಾವಣೆಯ ಕಡೆ ಹುಡುಕುವವರು ಮೊದಲು ನೋಡಬೇಕಾದ್ದು ಆ ಕೊನೆಯ ಅಕ್ಷರವನ್ನು. ಬಣ್ಣ ಮಾತ್ರ ತೋರಿಸಿ ಸಂಕೇತದ ಬಾಲವನ್ನು ಬಿಟ್ಟುಬಿಡುವ ನಕ್ಷೆಗಳೂ ಇವೆ. ಅಂಥ ಕಡೆ ಮೇಲ್ವಲಯ (ಮೂಲ ವಲಯದ ಮೇಲೆ ಹೆಚ್ಚುವರಿ ನಿಯಮ ಸೇರಿಸುವ ವಲಯ) ಎಂಬ ಪದರವನ್ನು ಬೇರೆಯಾಗಿ ಆನ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುಖ್ಯವಾದ ಮಾಹಿತಿಯೇ ತಪ್ಪಿಹೋಗುತ್ತದೆ.

ನಕ್ಷೆ ತೆರೆದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ಊರಿನ ಗಡಿಯ ಪದರ ಆನ್ ಮಾಡಿ, ಸೈಟು ಊರಿನ ಒಳಗಿದೆಯೋ ಹೊರಗಿದೆಯೋ ನೋಡಿ. ಅಂಚೆ ವಿಳಾಸದಲ್ಲಿ ಊರಿನ ಹೆಸರಿದ್ದ ಮಾತ್ರಕ್ಕೆ ಜಾಗ ಆ ಊರಿನ ಆಡಳಿತಕ್ಕೆ ಸೇರಿರಬೇಕೆಂದಿಲ್ಲ. ಹೊರಗಿದ್ದರೆ ಕೌಂಟಿಯ ನಿಯಮ, ಒಳಗಿದ್ದರೆ ನಗರದ ನಿಯಮ. ರಸ್ತೆಯ ಆಚೆ ಮೂರು ಕುದುರೆ ಇರುವ ಮನೆ ಕಂಡು, ಈಚೆಗೂ ಅದೇ ನಿಯಮ ಇದ್ದೀತು ಎಂದುಕೊಂಡು ಮೋಸ ಹೋಗುವುದು ಇಲ್ಲೇ.

ಎರಡನೇ ಗೊಂದಲ ಇನ್ನೂ ದುಬಾರಿ. ಸೈಟಿನ ಮೇಲೆ ಒತ್ತಿದಾಗ ಬರುವ ಪಟ್ಟಿಯಲ್ಲಿ ಎರಡು ಸಾಲು ಹತ್ತಿರ ಹತ್ತಿರ ಇರುತ್ತವೆ. ಒಂದು ಭೂಬಳಕೆಯ ಸಂಕೇತ, ಇನ್ನೊಂದು ವಲಯ. ಮೊದಲನೆಯದು ತೆರಿಗೆ ಹಾಕುವ ಇಲಾಖೆಯದು. ಅಲ್ಲಿ ಕೃಷಿ ಎಂದಿದ್ದರೆ ತೆರಿಗೆಯ ಲೆಕ್ಕಕ್ಕೆ ಕೃಷಿ ಜಮೀನು ಎಂದಷ್ಟೇ ಅರ್ಥ. ಅದು ಪ್ರಾಣಿ ಸಾಕಲು ಕೊಟ್ಟ ಅನುಮತಿ ಅಲ್ಲ. ಅನುಮತಿ ಸಿಗುವುದು, ಸಿಗದಿರುವುದು ವಲಯದ ಸಾಲಿನಿಂದ. ಈ ಎರಡನ್ನೂ ಬೇರೆ ಬೇರೆ ಶೀರ್ಷಿಕೆಯಡಿ, ಬೇರೆ ಬಣ್ಣದಲ್ಲಿ ತೋರಿಸುವ ನಕ್ಷೆಗೆ ಪೂರ್ತಿ ಅಂಕ ಕೊಡಬಹುದು. ಒಂದೇ ಪೆಟ್ಟಿಗೆಯಲ್ಲಿ ತುರುಕುವ ನಕ್ಷೆಗಳಿಂದ ನಿಜಕ್ಕೂ ಜನರಿಗೆ ನಷ್ಟವಾಗುತ್ತದೆ.

ವಲಯದ ಹೆಸರು ಸಿಕ್ಕಿದ ಮೇಲೆ ನಕ್ಷೆಯ ಕೆಲಸ ಮುಗಿಯಿತು, ನಿಯಮಗಳನ್ನು ಓದುವ ಕೆಲಸ ಶುರುವಾಯಿತು. ಅದನ್ನು ಮೂರು ಕಡೆ ಓದಬೇಕು: ವಲಯದಲ್ಲಿ ಯಾವುದಕ್ಕೆ ಅವಕಾಶ ಎನ್ನುವ ಕೋಷ್ಟಕ, ಪ್ರಾಣಿಗಳ ಅಧ್ಯಾಯ, ಮತ್ತು ಪದಗಳ ವ್ಯಾಖ್ಯಾನ. ಕೋಷ್ಟಕದಲ್ಲಿ ಅನುಮತಿ ಇದೆ ಎಂದಿರುತ್ತದೆ, ಎಷ್ಟು ಜಾಗಕ್ಕೆ ಎಷ್ಟು ಪ್ರಾಣಿ ಎನ್ನುವುದು ಪ್ರಾಣಿಗಳ ಅಧ್ಯಾಯದಲ್ಲಿರುತ್ತದೆ, ಜಾಗ ಅಂದರೆ ಯಾವ ಜಾಗ ಎನ್ನುವುದು ವ್ಯಾಖ್ಯಾನದಲ್ಲಿರುತ್ತದೆ. ಈ ಕೊನೆಯದನ್ನು ಓದುವವರೇ ಕಡಿಮೆ. ಕೆಲವು ಕಡೆ ರಸ್ತೆಯ ನಡುಗೆರೆಯವರೆಗಿನ ಜಾಗವೂ ಅಳತೆಗೆ ಸೇರುತ್ತದೆ. ಇನ್ನು ಕೆಲವು ಕಡೆ ರಸ್ತೆ, ಚರಂಡಿ, ದಾರಿಯ ಹಕ್ಕಿಗೆ ಬಿಟ್ಟ ಪಟ್ಟಿ ಎಲ್ಲ ಕಳೆದು ಉಳಿದದ್ದಷ್ಟೇ ಲೆಕ್ಕ. ಒಂದು ಎಕರೆ, ಅಂದರೆ 43,560 ಚದರ ಅಡಿ, ಬೇಕೇಬೇಕು ಎನ್ನುವ ಕಡೆ ನಕ್ಷೆ 1.02 ಎಕರೆ ತೋರಿಸಿತು ಎಂದು ಹಿಗ್ಗುವಂತಿಲ್ಲ. 100 ಅಡಿ ಉದ್ದದ ಅಂಚಿನಲ್ಲಿ 20 ಅಡಿ ಅಗಲದ ಪಟ್ಟಿ ಕಳೆದರೆ 2,000 ಚದರ ಅಡಿ ಹೋಯಿತು, ಸೈಟು ಎಕರೆಗಿಂತ ಕೆಳಗಿಳಿಯಿತು.

ನಿಯಮ ಊರಿಂದ ಊರಿಗೆ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾದ ಎರಡು ಊರು ಸಾಕು. ನಾರ್ಕೊ 1964ರಲ್ಲಿ ನಗರವಾದ ಊರು, ಕುದುರೆಯ ಊರು ಎಂದೇ ಕರೆಸಿಕೊಳ್ಳುತ್ತದೆ, ರಸ್ತೆ ಪಕ್ಕ ಪಾದಚಾರಿ ಮಾರ್ಗದ ಬದಲು ಕುದುರೆ ದಾರಿಗಳಿವೆ. ಅಲ್ಲಿನ ಎ-1-20 ವಲಯದಲ್ಲಿ 20 ಎಂದರೆ ಸೈಟು ಕನಿಷ್ಠ 20,000 ಚದರ ಅಡಿ ಇರಬೇಕು ಎಂದು. ಹಿತ್ತಲಲ್ಲಿ ಹೊಸ ಕಟ್ಟಡ ಎಬ್ಬಿಸುವ ಮೊದಲು ಪ್ರತಿ ಪ್ರಾಣಿ ಘಟಕಕ್ಕೆ (ಪ್ರಾಣಿಗಳನ್ನು ಎಣಿಸಲು ಊರು ಇಟ್ಟುಕೊಂಡ ಲೆಕ್ಕ, ಒಂದು ಕುದುರೆ ಒಂದು ಘಟಕ) 24 ಅಡಿ ಚೌಕದಷ್ಟು, ಅಂದರೆ 576 ಚದರ ಅಡಿ, ತೆರೆದ ಜಾಗವನ್ನು ಪ್ರಾಣಿಗಳಿಗೇ ಮೀಸಲಿಟ್ಟು ತೋರಿಸಬೇಕು. ಇದು ಪ್ರಾಣಿಯ ಪರವಾಗಿ ಯೋಚಿಸಿ ಮಾಡಿದ ನಿಯಮ. ಈಗಿನ ಮಾಲೀಕರಿಗೆ ಕುದುರೆ ಬೇಡವಾಗಿದ್ದರೂ ಮುಂದೆ ಬರುವವರಿಗೆ ಜಾಗ ಉಳಿಯಲಿ ಎನ್ನುವ ಕಾಳಜಿ ಅದರಲ್ಲಿದೆ. ಲಾಸ್ ಏಂಜಲೀಸ್ ನಗರದ ಬಹುಕಾಲದ ಸಂಹಿತೆ ಬೇರೆ ದಾರಿ ಹಿಡಿದಿದೆ. ಆರ್‌ಎ ವಲಯದಲ್ಲಿ ಸೈಟು 17,500 ಚದರ ಅಡಿ ಇರಬೇಕು, 4,000 ಚದರ ಅಡಿಗೆ ಒಂದು ಕುದುರೆ, ಕುದುರೆ ಕಟ್ಟುವ ಜಾಗ ಪಕ್ಕದ ಮನೆಯ ವಾಸದ ಕೋಣೆಗಳಿಂದ 75 ಅಡಿ, ಸ್ವಂತ ಮನೆಯಿಂದ 35 ಅಡಿ ದೂರ.

ಈ ದೂರದ ನಿಯಮವನ್ನು ನಕ್ಷೆಯ ಮೇಲೆ ಅಳೆದು ನೋಡದೆ ಮುಂದೆ ಹೋಗಬೇಡಿ. ಒಂದು ಲೆಕ್ಕ ನೋಡಿ. ಸೈಟು 100 ಅಡಿ ಅಗಲ, 200 ಅಡಿ ಉದ್ದ, ಒಟ್ಟು 20,000 ಚದರ ಅಡಿ. 4,000ಕ್ಕೆ ಒಂದರಂತೆ ಕಾಗದದ ಮೇಲೆ ಐದು ಕುದುರೆ. ಎಡಬಲದ ಮನೆಗಳು ಗಡಿಯಿಂದ 15 ಅಡಿ ಆಚೆ ಇವೆ, ಅವುಗಳ ಹಿಂಗೋಡೆ ರಸ್ತೆ ಕಡೆಯ ಗಡಿಯಿಂದ 85 ಅಡಿಗೆ ಮುಗಿಯುತ್ತದೆ. ನಿಮ್ಮ ಮನೆಯೂ ಅಷ್ಟಕ್ಕೇ ಮುಗಿಯುತ್ತದೆ. ಹಿಂಬದಿಯವರ ಮನೆ ಹಿಂದಿನ ಗಡಿಯಿಂದ 40 ಅಡಿ ಆಚೆ. ಈಗ 24 ಅಡಿ ಚೌಕದ ಒಂದು ಲಾಯವನ್ನು ಸೈಟಿನ ಅಗಲದ ನಟ್ಟನಡುವೆ ಇಡಿ. ಅದರ ಮುಂದಿನ ಮೂಲೆಯಿಂದ ಪಕ್ಕದ ಮನೆಯ ಹಿಂಮೂಲೆಗೆ ಓರೆಯಾಗಿ 75 ಅಡಿ ಸಿಗಬೇಕಾದರೆ ಲಾಯ ರಸ್ತೆಯಿಂದ ಸುಮಾರು 138 ಅಡಿ ಹಿಂದೆ ಶುರುವಾಗಬೇಕು, ಆಗ 162 ಅಡಿಗೆ ಮುಗಿಯುತ್ತದೆ. ಹಿಂಬದಿಯ ಮನೆಯಿಂದ 75 ಅಡಿ ಬಿಡಬೇಕಾದ್ದರಿಂದ 165 ಅಡಿ ದಾಟುವಂತಿಲ್ಲ. ಉಳಿದದ್ದು ಮೂರೇ ಅಡಿ. ಇಂಥದೇ ಎರಡು ಲಾಯ ಅಕ್ಕಪಕ್ಕ ಇಡಲು ಹೋದರೆ ಮೂಲೆಗಳು ಪಕ್ಕದ ಮನೆಗಳ ಕಡೆ ಸರಿಯುತ್ತವೆ, ಸಾಲು 148 ಅಡಿಗೆ ಶುರುವಾಗಿ 172ಕ್ಕೆ ಮುಗಿಯಬೇಕಾಗುತ್ತದೆ, ಹಿಡಿಸುವುದಿಲ್ಲ. ಐದು ಕುದುರೆಯ ಸೈಟಿನಲ್ಲಿ ಒಂದೇ ಲಾಯ!

ಇಲ್ಲಿ ನಕ್ಷೆಯ ದೊಡ್ಡ ಕೊರತೆ ಎದ್ದು ಕಾಣುತ್ತದೆ. ಅಳತೆಯ ಉಪಕರಣ ಅದರಲ್ಲೇ ಇದೆ, ಬಳಸುವುದೂ ಸುಲಭ. ಆದರೆ ಪರದೆಯ ಮೇಲಿನ ಸೈಟಿನ ಗೆರೆ ಸರ್ವೆಯ ಗೆರೆಯಲ್ಲ, ಕೆಲವು ಅಡಿ ಅತ್ತಿತ್ತ ಇರುವುದು ಸಾಮಾನ್ಯ. ಮೇಲಿನಿಂದ ಕಾಣುವುದು ಮನೆಯ ಸೂರಿನ ಅಂಚು, ಗೋಡೆಯಲ್ಲ. ಬೇಲಿಯನ್ನೇ ಗಡಿ ಎಂದುಕೊಳ್ಳುವುದೂ ತಪ್ಪು. ನಮ್ಮ ಲೆಕ್ಕದಲ್ಲಿ ಉಳಿದದ್ದೇ ಮೂರು ಅಡಿ, ನಕ್ಷೆಯ ತಪ್ಪೇ ಅದನ್ನು ನುಂಗಬಹುದು. ಉಳಿಕೆ ಹತ್ತು ಅಡಿಗಿಂತ ಕಡಿಮೆ ಇದ್ದರೆ ಸರ್ವೆಯವರನ್ನು ಕರೆಸಿ ಗೂಟ ಹೊಡೆಸಿ, ಟೇಪಿನಿಂದಲೇ ಅಳೆಸಬೇಕು. ಜೊತೆಗೆ ನಿಯಮ ದೂರವನ್ನು ಎಲ್ಲಿಂದ ಅಳೆಯುತ್ತದೆ ನೋಡಿ. ಒಂದೊಂದು ಊರಲ್ಲಿ ಗಡಿಯಿಂದ, ಒಂದೊಂದು ಊರಲ್ಲಿ ಮನೆಯ ಗೋಡೆಯಿಂದ. ಒಂದು ಕಡೆ ಲಾಯಕ್ಕೆ ಮಾತ್ರ, ಇನ್ನೊಂದು ಕಡೆ ಬೇಲಿ ಹಾಕಿದ ಅಂಗಳಕ್ಕೂ, ಲದ್ದಿಯ ತಿಪ್ಪೆಗೂ ಸೇರಿ.

ಕುರಿ, ಮೇಕೆ, ದನ ಸೇರಿಸಿ ಸಾಕುವವರು ಪ್ರಾಣಿ ಘಟಕ ಎಂಬ ಪದವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒಂದು ಕುದುರೆ ಒಂದು ಘಟಕ, ಇಷ್ಟು ಮೇಕೆ ಸೇರಿ ಒಂದು ಘಟಕ ಎಂದು ಪ್ರತಿ ಊರೂ ತನ್ನದೇ ಲೆಕ್ಕ ಇಟ್ಟಿರುತ್ತದೆ. ಬೇರೆ ಊರಿನ ಕೋಷ್ಟಕವನ್ನೋ ಪಶುಪಾಲನೆಯ ಕೈಪಿಡಿಯ ಲೆಕ್ಕವನ್ನೋ ತಂದು ಇಲ್ಲಿ ಹಚ್ಚಿದರೆ ನಡೆಯದು. ದೊಡ್ಡ ಪಶುಕೇಂದ್ರಗಳ ಬಗೆಗಿನ ಒಕ್ಕೂಟ ಸರ್ಕಾರದ ನಿಯಮದಲ್ಲಿ 500 ಕುದುರೆ 1,000 ಮಾಂಸದ ದನಗಳಿಗೆ ಸಮ. ಹಿತ್ತಲಿನ ನಿಯಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮರಿಗಳನ್ನು ಯಾವ ವಯಸ್ಸಿನಿಂದ ಎಣಿಸುತ್ತಾರೆ, ಪುಟ್ಟ ತಳಿಯ ಕುದುರೆಯನ್ನು ಪೂರ್ತಿ ಕುದುರೆ ಎಂದು ಹಿಡಿಯುತ್ತಾರೆಯೇ ಎನ್ನುವುದನ್ನೂ ವ್ಯಾಖ್ಯಾನದಲ್ಲೇ ಹುಡುಕಬೇಕು.

ನಿಯಮ ಬಿಟ್ಟಷ್ಟು ಪ್ರಾಣಿಗಳನ್ನು ನೆಲ ಸಾಕುತ್ತದೆ ಎಂದೂ ತಿಳಿಯಬೇಡಿ. ಮೇದೇ ಹೊಟ್ಟೆ ತುಂಬಬೇಕಾದರೆ ಒಂದು ಕುದುರೆಗೆ ಒಳ್ಳೆಯ ಹುಲ್ಲುಗಾವಲು ಒಂದೂವರೆಯಿಂದ ಎರಡು ಎಕರೆ ಬೇಕು. ಅರ್ಧ ಎಕರೆಯಲ್ಲಿ ಗೊರಸು ತುಳಿದು ಕೆಲವೇ ವಾರದಲ್ಲಿ ಹುಲ್ಲು ಹೋಗಿ ಮಣ್ಣು ಉಳಿಯುತ್ತದೆ, ಮಳೆ ಬಂದರೆ ಕೆಸರು. ಅಲ್ಲಿ ವರ್ಷವಿಡೀ ಒಣಹುಲ್ಲು ಕೊಂಡು ಹಾಕಬೇಕು. 1,000 ಪೌಂಡ್ ತೂಕದ ಕುದುರೆ ದಿನಕ್ಕೆ ಸುಮಾರು 50 ಪೌಂಡ್ ಲದ್ದಿ, ಗಂಜಲ ಹಾಕುತ್ತದೆ, ವರ್ಷಕ್ಕೆ ಒಂಬತ್ತು ಟನ್. ಪಕ್ಕದ ಮನೆಯವರ ದೂರು ಶುರುವಾಗುವುದು ಹೆಚ್ಚಾಗಿ ಇದರಿಂದಲೇ, ನೊಣ ಮತ್ತು ವಾಸನೆಯಿಂದ. ತಿಪ್ಪೆಯ ಜಾಗ, ಅದನ್ನು ಸಾಗಿಸುವ ದಿನ, ಗಾಡಿ ಒಳಗೆ ಬರುವ ದಾರಿ, ಇವನ್ನೂ ನಕ್ಷೆಯ ಮೇಲೆ ಮೊದಲೇ ಗುರುತಿಸಿಕೊಂಡರೆ ಒಳ್ಳೆಯದು. ಮನೆಯ ಪಕ್ಕದ ಗಲ್ಲಿ 8 ಅಡಿ ಅಗಲವಿದ್ದರೆ ಕುದುರೆ ಸಾಗಿಸುವ ಟ್ರೇಲರ್ ಒಳಗೆ ಹೋಗುವುದು ಕಷ್ಟ.

ನಕ್ಷೆ ತೋರಿಸದೇ ಇರುವ ಸಂಗತಿಗಳಲ್ಲಿ ಬಡಾವಣೆಯ ಕರಾರು ಮೊದಲನೆಯದು. ಝೋನಿಂಗ್ ಕುದುರೆಗೆ ಒಪ್ಪಿದರೂ ಮಾಲೀಕರ ಸಂಘದ ನೋಂದಾಯಿತ ಕರಾರು ಬೇಡ ಎಂದರೆ ಬೇಡವೇ. ಎರಡರಲ್ಲಿ ಬಿಗಿಯಾದದ್ದನ್ನು ಪಾಲಿಸಬೇಕು. ಆ ಕಾಗದ ಕೌಂಟಿಯ ನೋಂದಣಿ ಕಚೇರಿಯಲ್ಲಿರುತ್ತದೆ, ಮನೆಯ ಹಕ್ಕಿನ ಪ್ರಾಥಮಿಕ ವರದಿಯಲ್ಲೂ ಅದರ ಉಲ್ಲೇಖ ಬರುತ್ತದೆ, ತರಿಸಿ ಓದಿ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಜಾಗದ ಮೇಲೆ ಕುದುರೆ ಬಿಡುವಂತಿಲ್ಲ, ಗೊರಸಿನ ಭಾರಕ್ಕೆ ಮಣ್ಣು ಬಿಗಿದು ನೀರು ಇಂಗುವುದು ನಿಲ್ಲುತ್ತದೆ. ಬಾವಿಯಿಂದ ಬಿಡಬೇಕಾದ ದೂರ ಆರೋಗ್ಯ ಇಲಾಖೆಯ ನಿಯಮದಲ್ಲಿ ಸಿಗುತ್ತದೆ, ಝೋನಿಂಗ್ ಸಂಹಿತೆಯಲ್ಲೇ ಹುಡುಕುತ್ತ ಕೂರಬೇಡಿ.

ಇನ್ನು, ಮಾರುವವರ ಹಿತ್ತಲಲ್ಲಿ ಈಗಲೂ ಕುದುರೆ ಇದೆ, ಹಾಗಾಗಿ ತೊಂದರೆಯಿಲ್ಲ ಎನ್ನುವ ಮಾತು. ನಿಯಮ ಬರುವ ಮೊದಲಿನಿಂದ ನಡೆದು ಬಂದ ಬಳಕೆಯನ್ನು ಕಾನೂನು ಹಾಗೇ ಬಿಟ್ಟಿರಬಹುದು. ಆದರೆ ಅದು ನಿರಂತರವಾಗಿ ನಡೆದಿರಬೇಕು. ನಡುವೆ ನಿಂತುಹೋದರೆ ಹಕ್ಕು ಹೋಗುತ್ತದೆ, ಎಷ್ಟು ತಿಂಗಳ ಬಿಡುವು ಎಂಬುದನ್ನು ಆಯಾ ಸಂಹಿತೆ ಹೇಳುತ್ತದೆ. ಮನೆ ಮಾರಾಟಕ್ಕಿಟ್ಟು ಕುದುರೆ ಕಳಿಸಿ, ಲಾಯ ಒಂದು ವರ್ಷ ಖಾಲಿ ಬಿದ್ದಿದ್ದರೆ ಬಹಳ ಎಚ್ಚರ ಬೇಕು. ಲಾಯದ ಕಟ್ಟಡ ಉಳಿದಿರುತ್ತದೆ, ಅದರಲ್ಲಿ ಕುದುರೆ ಕಟ್ಟುವ ಹಕ್ಕು ಉಳಿದಿರದೇ ಇರಬಹುದು.

ಹಾಗಾಗಿ ನಕ್ಷೆಯ ಜೊತೆಗೆ ಶಿಫಾರಸು ಮಾಡಬೇಕಾದ ಸೇವೆ ಇನ್ನೊಂದಿದೆ: ಯೋಜನಾ ಇಲಾಖೆ ಕೊಡುವ ಝೋನಿಂಗ್ ದೃಢೀಕರಣ ಪತ್ರ. ಇದಕ್ಕೆ ಸಾಮಾನ್ಯವಾಗಿ ಶುಲ್ಕ ಇರುತ್ತದೆ, ಕೈಗೆ ಬರಲು ದಿನಗಳೋ ವಾರಗಳೋ ಹಿಡಿಯುತ್ತವೆ, ಆದರೂ ಆ ಖರ್ಚು ದಂಡವಲ್ಲ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಉತ್ತರ ಮುಂದೆ ವಿವಾದವಾದಾಗ ಕೈ ಹಿಡಿಯದು. ವೆಬ್‌ಸೈಟಿನಲ್ಲಿರುವ ಸಂಹಿತೆಗೆ ಇತ್ತೀಚಿನ ತಿದ್ದುಪಡಿಗಳು ಇನ್ನೂ ಸೇರಿರದಿರಬಹುದು, ಪತ್ರ ಬರೆಯುವ ಅಧಿಕಾರಿ ಅವನ್ನೂ ನೋಡಿ ಬರೆಯುತ್ತಾರೆ.

ಪತ್ರದ ಗುಣ ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. ಇಲ್ಲಿ ಕುದುರೆ ಸಾಕಬಹುದೇ ಎಂದು ಕೇಳಿದರೆ ವಲಯದಲ್ಲಿ ಅವಕಾಶವಿದೆ ಎಂಬ ಒಂದು ಸಾಲು ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಪಾರ್ಸೆಲ್ ಸಂಖ್ಯೆ (ಸೈಟಿನ ಗುರುತಿನ ಸಂಖ್ಯೆ) ಹಾಕಿ, ಎರಡು ಕುದುರೆ ಮತ್ತು ನಾಲ್ಕು ಮೇಕೆ ಎಂದು ಎಣಿಕೆ ಕೊಡಿ. ಸೈಟಿನ ಯಾವ ಅಳತೆಯನ್ನು ಹಿಡಿದು ಲೆಕ್ಕ ಹಾಕುತ್ತೀರಿ, ದೂರವನ್ನು ಎಲ್ಲಿಂದ ಅಳೆಯುತ್ತೀರಿ, ಅಂಗಳಕ್ಕೂ ತಿಪ್ಪೆಗೂ ಅದು ಅನ್ವಯಿಸುತ್ತದೆಯೇ, ಪಕ್ಕದವರು ನಾಳೆ ಕೋಣೆ ಮುಂದಕ್ಕೆ ಕಟ್ಟಿಕೊಂಡರೆ ಈಗಿನ ಲಾಯದ ಗತಿ ಏನು ಎಂದು ಬಿಡಿಬಿಡಿಯಾಗಿ ಕೇಳಿ. ಲಾಯ, ಬೇಲಿ, ತಿಪ್ಪೆ, ಅಕ್ಕಪಕ್ಕದ ಮನೆಗಳನ್ನು ಅಡಿ ಲೆಕ್ಕದಲ್ಲಿ ಬರೆದ ಒಂದು ಪುಟದ ಚಿತ್ರವನ್ನೂ ಲಗತ್ತಿಸಿ. ನಕ್ಷೆಯನ್ನೇ ಮುದ್ರಿಸಿ ಮೇಲೆ ಪೆನ್ನಿನಲ್ಲಿ ಗೆರೆ ಎಳೆದರೂ ಆಗುತ್ತದೆ. ವಿಶೇಷ ಪರವಾನಗಿ ಬೇಕು ಎಂದು ಉತ್ತರ ಬಂದರೆ ವಿಚಾರಣೆಯ ನೋಟಿಸು ಅಕ್ಕಪಕ್ಕದವರಿಗೆ ಹೋಗುತ್ತದೆ, ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂಬ ಖಾತರಿ ಇಲ್ಲ. ಮನೆ ಖರೀದಿಯ ಒಪ್ಪಂದದಲ್ಲಿ ತಪಾಸಣೆಗೆ ಬಿಟ್ಟ ಅವಧಿ ಮುಗಿಯುವ ಮೊದಲೇ ಈ ಪತ್ರ ಕೈಯಲ್ಲಿರಬೇಕು. ಅಷ್ಟರಲ್ಲಿ ಬಾರದು ಎನಿಸಿದರೆ ಸಹಿ ಹಾಕುವ ಮುಂಚೆಯೇ ಅವಧಿಯನ್ನು ಹೆಚ್ಚಿಸಿ ಬರೆಸಿಕೊಳ್ಳಿ.