ಸಿಯೋನಾ: ಮೈಮೋ ಪ್ರಯೋಗಕ್ಕೆ ನನ್ನ ಮೊದಲ ಆಯ್ಕೆ
ಮೈಮೋ (ಹಲವು ಆಂಟೆನಾಗಳಿಂದ ಕಳಿಸಿ ಹಲವು ಆಂಟೆನಾಗಳಲ್ಲಿ ಹಿಡಿಯುವ ನಿಸ್ತಂತು ತಂತ್ರ) ಪಾಠ ಹೇಳುವ ನನಗೆ, ನಿಸ್ತಂತು ಸಂಪರ್ಕವನ್ನು ಕಂಪ್ಯೂಟರಿನಲ್ಲೇ ಅನುಕರಿಸಲು ಎನ್‌ವಿಡಿಯಾ 2022ರಲ್ಲಿ ಹೊರತಂದ ಈ ಪೈಥಾನ್ ಲೈಬ್ರರಿ ತುಂಬಾ ಹಿಡಿಸಿದೆ. ಮುಕ್ತ ತಂತ್ರಾಂಶ; ಲೈಸೆನ್ಸ್‌ಗೆ ಕಾಸು ಕೊಡಬೇಕಿಲ್ಲ, ವಿದ್ಯಾರ್ಥಿಗಳಿಗೆ ಅದೇ ದೊಡ್ಡ ನಿರಾಳ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿಯ 38.901 ಚಾನೆಲ್ ಮಾದರಿಗಳು (ಸಿಗ್ನಲ್ ದಾರಿಯಲ್ಲಿ ಹೇಗೆ ಬದಲಾಗುತ್ತದೆ ಎಂಬ ಲೆಕ್ಕಗಳು) ಒಳಗೇ ಇವೆ.

ಮನಸ್ಸು ಗೆದ್ದದ್ದು ಮಾತ್ರ ರೇ ಟ್ರೇಸಿಂಗ್, ಅಂದರೆ ರೇಡಿಯೋ ಕಿರಣಗಳು ಸಾಗುವ ದಾರಿಯನ್ನು ಲೆಕ್ಕಹಾಕುವುದು. ಮ್ಯೂನಿಕ್ ನಗರದ ದೃಶ್ಯ ತೆರೆದು ಫ್ರೌಯೆನ್‌ಕಿರ್ಷೆ ಚರ್ಚಿನ ಸುತ್ತ ಎಲ್ಲಾದರೂ ಆಂಟೆನಾ ಸಾಲು ಇಡಿ: ಕಿರಣಗಳು ಗೋಡೆಯಿಂದ ಗೋಡೆಗೆ ತಾಗುತ್ತಾ ರಿಸೀವರ್ ತಲುಪುವುದು ಕಣ್ಣಿಗೇ ಕಾಣುತ್ತದೆ. ಗೋಡೆಯ ವಸ್ತು ಬದಲಿಸಿ, ಸಾಲನ್ನು 4×4ರಿಂದ 8×8ಕ್ಕೆ ಏರಿಸಿ, ಸಿಗ್ನಲ್ ನಕ್ಷೆ ಹೇಗೆ ಮಾರ್ಪಡುತ್ತದೆ ನೋಡಿ! ಪಠ್ಯದ ಸಮೀಕರಣಗಳಿಗೆ ಆಗ ಜೀವ ಬರುತ್ತದೆ.

ಜಿಪಿಯು (ಗ್ರಾಫಿಕ್ಸ್ ಚಿಪ್) ಇಲ್ಲದೆಯೂ ಓಡುತ್ತದೆ, ಆದರೆ ಆಂಟೆನಾ ಹೆಚ್ಚಿದಂತೆ ತಾಳ್ಮೆ ಬೇಕು. ಮ್ಯಾಟ್ರಿಕ್ಸ್ ಗಣಿತ ಕಲಿತೇ ಬನ್ನಿ. ಲೈಬ್ರರಿಯ ಜತೆಗಿರುವ ಮೈಮೋ-ಒಎಫ್‌ಡಿಎಂ (ಡೇಟಾವನ್ನು ಹಲವು ಕಿರು ಆವರ್ತನಗಳಿಗೆ ಹಂಚಿ ಕಳಿಸುವ ವಿಧಾನ) ನೋಟ್‌ಬುಕ್‌ನಿಂದ, ಅಂದರೆ ಓಡಿಸಿ ನೋಡಬಹುದಾದ ಕೋಡ್ ಪಾಠದಿಂದ, ಶುರುಮಾಡಿ.