ಜಯನಗರದ ಒಂದು ಆಪ್ತಸಮಾಲೋಚನಾ ಕೇಂದ್ರ: ಮಾತು ಎಲ್ಲಿ ಸೋರುತ್ತದೆ?

ಜಯನಗರದ ಅಡ್ಡರಸ್ತೆಯೊಂದರಲ್ಲಿ, ಮನೆಯ ಮೊದಲ ಮಹಡಿಯಲ್ಲಿ ಮೂರು ಕೋಣೆಗಳ ಕೇಂದ್ರ. ಮೂವರು ಥೆರಪಿಸ್ಟರು, ರಿಸೆಪ್ಷನ್‌ನಲ್ಲಿ ಒಬ್ಬರು. ಹೆಸರು ಹಾಕುತ್ತಿಲ್ಲ, ಇಲ್ಲಿನ ಕುಂದುಗಳು ಊರಿನ ಹಲವು ಕಡೆ ಇರುವಂಥವೇ, ಒಬ್ಬರ ತಲೆಗೆ ಕಟ್ಟುವುದು ತರವಲ್ಲ. ಥೆರಪಿಯಿಂದ ಯಾರಿಗೆ ಎಷ್ಟು ಗುಣವಾಯಿತು ಎಂದು ಹೊರಗಿನವರು ತೂಗಲಾಗದು. ಬಂದವರ ಗುಟ್ಟನ್ನು ಕೇಂದ್ರ ಹೇಗೆ ಕಾಯುತ್ತದೆ ಎಂಬುದನ್ನಂತೂ ಬಾಗಿಲಲ್ಲಿ ನಿಂತೇ ತೂಗಬಹುದು. ಈ ವಿಮರ್ಶೆ ಅದರ ಬಗ್ಗೆ.

ಬೋರ್ಡಿನಿಂದಲೇ ಶುರು ಮಾಡೋಣ. ಮೂವರಲ್ಲಿ ಒಬ್ಬರ ಹೆಸರಿನ ಕೆಳಗೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದಿದೆ, ಪಕ್ಕದಲ್ಲಿ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆ. ಪರಿಷತ್ತಿನ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದು. ಉಳಿದಿಬ್ಬರು ಎಂ.ಎಸ್ಸಿ. ಓದಿದವರು. ‘ಆಪ್ತಸಮಾಲೋಚಕರು’ ಎಂದಷ್ಟೇ ಬರೆಸಿದ್ದಾರೆ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನೂ ಹಾಕಿದ್ದಾರೆ. ಪ್ರಾಮಾಣಿಕ ಬೋರ್ಡು. ಸಣ್ಣ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ‘ಸೈಕೋಥೆರಪಿಸ್ಟ್’ ಎಂದು ಬರೆಸಿಕೊಳ್ಳುವುದು ಸಲೀಸಾಗಿರುವಾಗ ಇಷ್ಟು ಸಂಯಮ ಮೆಚ್ಚತಕ್ಕದ್ದು.

ಮೊದಲ ಸೆಷನ್‌ಗೆ ಮುಂಚೆ ನಾಲ್ಕು ಪುಟದ ಒಪ್ಪಿಗೆ ಪತ್ರ ಕೊಡುತ್ತಾರೆ. ಕನ್ನಡದ ಪ್ರತಿಯೂ ಇದೆ, ಓದಿದರೆ ಅರ್ಥವಾಗುವ ಕನ್ನಡ: ‘ಗಂಡ, ಹೆಂಡತಿ, ಅಪ್ಪ, ಅಮ್ಮ, ಆಫೀಸಿನವರು, ಯಾರೇ ಕೇಳಿದರೂ ನಿಮ್ಮ ಒಪ್ಪಿಗೆ ಇಲ್ಲದೆ ಹೇಳುವುದಿಲ್ಲ.’ 50 ನಿಮಿಷಕ್ಕೆ 1,500 ರೂಪಾಯಿ, 24 ಗಂಟೆ ಮುಂಚೆ ತಿಳಿಸದೆ ತಪ್ಪಿಸಿದರೆ ಪೂರ್ತಿ ಶುಲ್ಕ. ದುಡ್ಡಿನ ಮಾತನ್ನು ಹೀಗೆ ಮೊದಲೇ ಆಡಿ ಮುಗಿಸಿದರೆ ಆಮೇಲೆ ಸೆಷನ್ನಿನೊಳಗೆ ಮುಜುಗರ ಇರುವುದಿಲ್ಲ.

ಗೋಪ್ಯತೆಗೆ ಎಲ್ಲೆ ಯಾವುದು ಎಂಬ ಭಾಗವನ್ನು ನಿಧಾನವಾಗಿ ಓದಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಎಂದೇ ಕರೆದು, ವಿನಾಯಿತಿಗಳನ್ನೂ ಹೇಳುತ್ತದೆ: ಜೀವಕ್ಕೆ ಅಪಾಯ, ಬೇರೆಯವರಿಗೆ ಹಾನಿಯಾಗುವ ಸಂಭವ, ಅಧಿಕಾರವುಳ್ಳವರ ಆದೇಶ ಇತ್ಯಾದಿ. ಪತ್ರದಲ್ಲಿ ಮೊದಲೆರಡು ಸರಿಯಾಗಿವೆ. ಮೂರನೆಯದರ ಜಾಗದಲ್ಲಿ ‘ಪೊಲೀಸರು ಅಥವಾ ವಕೀಲರು ಕೇಳಿದರೆ’ ಎಂದು ಬರೆದಿದ್ದಾರೆ. ಇದು ತಪ್ಪು. ಠಾಣೆಯಿಂದ ಬಂದ ಫೋನ್ ಆದೇಶವಲ್ಲ, ವಿಚ್ಛೇದನದ ಕೇಸಿನಲ್ಲಿ ಎದುರು ಕಡೆಯ ವಕೀಲರು ಕಳಿಸಿದ ನೋಟಿಸೂ ಅಲ್ಲ. ಹೀಗೆ ಬರೆದ ಪತ್ರಕ್ಕೆ ಸಹಿ ಹಾಕಿದವರು ಗೊತ್ತಿಲ್ಲದೆಯೇ ತಮ್ಮ ರಕ್ಷಣೆಯನ್ನು ಬಿಟ್ಟುಕೊಟ್ಟಂತೆ. ಈ ಸಾಲು ಮೊದಲು ಹೋಗಬೇಕು.

ಪೋಕ್ಸೊ ವಿಷಯದಲ್ಲಿ ಮಾತ್ರ ಕೇಂದ್ರ ಚೆನ್ನಾಗಿ ಯೋಚಿಸಿದೆ. 18 ತುಂಬದವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ 2012ರ ಆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರದಿ ಮಾಡಲೇಬೇಕು, ಥೆರಪಿಸ್ಟಿಗೂ ಬೇರೆ ದಾರಿ ಇಲ್ಲ. ಹದಿನೇಳರ ಹುಡುಗಿ ಪ್ರೀತಿಸಿದ ಹುಡುಗನ ಬಗ್ಗೆ ಹೇಳಿಕೊಂಡರೂ ಈ ಪ್ರಶ್ನೆ ಏಳಬಹುದು. ಆಕೆ ಬಾಯಿಬಿಟ್ಟ ಮೇಲೆ ‘ಇದನ್ನು ನಾನು ವರದಿ ಮಾಡಬೇಕಾಗುತ್ತದೆ’ ಎಂದರೆ ಅದು ನಂಬಿಕೆದ್ರೋಹ. ಇಲ್ಲಿ ಹದಿಹರೆಯದವರಿಗೆಂದೇ ಒಂದು ಪುಟದ ಬೇರೆ ಹಾಳೆ ಇದೆ. ಮೊದಲ ಹತ್ತು ನಿಮಿಷದಲ್ಲೇ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ.

ಮಾತು ಸೋರುವುದು ಹೆಚ್ಚಾಗಿ ಕೋಣೆಯ ಹೊರಗೆ. ರಿಸೆಪ್ಷನ್ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್ ಪುಸ್ತಕ: ಹೆಸರು, ಮೊಬೈಲ್, ‘ಬಂದ ಕಾರಣ’. ಹನ್ನೊಂದು ಗಂಟೆಗೆ ಬಂದವರು ಬರೆಯಲು ಬಗ್ಗಿದರೆ ಹತ್ತು ಗಂಟೆಗೆ ಬಂದವರ ಹೆಸರು, ಅದರ ಮುಂದೆ ‘ದಾಂಪತ್ಯ ಸಮಸ್ಯೆ’ ಎಂಬ ಬರಹ ಕಣ್ಣಿಗೆ ಬೀಳುತ್ತದೆ. ಅದೇ ಬಡಾವಣೆಯವರು ಬರುವ ಜಾಗದಲ್ಲಿ ಇದಕ್ಕಿಂತ ದೊಡ್ಡ ಸೋರಿಕೆ ಇಲ್ಲ. ಪುಸ್ತಕ ಎತ್ತಿಟ್ಟು ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕೊಟ್ಟರೆ ಸಾಕು. ಅಪಾರ್ಟ್‌ಮೆಂಟ್ ಫ್ಲಾಟುಗಳಲ್ಲಿ ಪ್ರಾಕ್ಟೀಸ್ ಮಾಡುವವರಿಗೂ ಇದೇ ತೊಡಕು: ಗೇಟಿನ ಆ್ಯಪ್‌ನಲ್ಲಿ ಸೆಕ್ಯೂರಿಟಿಯವರು ‘ಕೌನ್ಸೆಲಿಂಗ್‌ಗೆ’ ಎಂದು ನಮೂದಿಸಿಬಿಡುತ್ತಾರೆ. ‘ಅತಿಥಿ’ ಎಂದರೆ ಸಾಕೆಂದು ಮೊದಲೇ ಹೇಳಿಡಬೇಕು.

ಫೋನಿನ ಮಾತಿನಲ್ಲಿ ಇದೇ ರಿಸೆಪ್ಷನ್ ಗೆದ್ದಿದೆ. ಯಾರೋ ಹಿರಿಯರು ಕರೆ ಮಾಡಿ, ‘ನಮ್ಮ ಸೊಸೆ ಅಲ್ಲಿಗೆ ಬರ್ತಾಳಂತಲ್ಲಮ್ಮ, ಏನು ಹೇಳಿಕೊಂಡಳು?’ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ‘ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದನ್ನ ನಾವು ಯಾರಿಗೂ ಹೇಳಲ್ಲಮ್ಮ, ಬೇಜಾರು ಮಾಡ್ಕೋಬೇಡಿ.’ ‘ಅವರು ಬರ್ತಾರೆ, ಆದರೆ ವಿವರ ಹೇಳೋಕಾಗಲ್ಲ’ ಎಂದಿದ್ದರೆ ಅರ್ಧ ಗುಟ್ಟು ಅಲ್ಲೇ ಹೋಗುತ್ತಿತ್ತು. ವಾಟ್ಸ್ಆ್ಯಪ್ ನೆನಪೋಲೆಯಲ್ಲೂ ‘ನಾಳೆ 4 ಗಂಟೆಗೆ ನಿಮ್ಮ ಸಮಯ’ ಎಂದಷ್ಟೇ ಇರುತ್ತದೆ, ಲಾಕ್ ಆದ ಪರದೆಯ ಮೇಲೆ ಮನೆಯವರು ಓದಿದರೂ ಏನೂ ತಿಳಿಯದು. ಆದರೆ ಯುಪಿಐನಲ್ಲಿ ದುಡ್ಡು ಹಾಕಿದರೆ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಕೇಂದ್ರದ ಪೂರ್ತಿ ಹೆಸರು, ‘ಮೆಂಟಲ್ ಹೆಲ್ತ್’ ಎಂಬ ಪದ ಸಮೇತ. ಜಂಟಿ ಖಾತೆ ಇರುವವರು ನಗದು ಕೊಡುವುದು ಒಳಿತು.

ಎರಡನೇ ಕೋಣೆಯ ಬಾಗಿಲ ಕೆಳಗೆ ಸುಮಾರು ಅರ್ಧ ಇಂಚು ಸಂದು. ಹೊರಗೆ ಕಾಯುವವರ ಕುರ್ಚಿಗಳು ಬಾಗಿಲಿಗೇ ಆತುಕೊಂಡಿವೆ, ಒಳಗೆ ದನಿ ಏರಿದರೆ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ರಬ್ಬರ್ ಪಟ್ಟಿ ಅಂಟಿಸಿ, ಕುರ್ಚಿ ಸರಿಸಿ, ಹೊರಗೊಂದು ಟೇಬಲ್ ಫ್ಯಾನ್ ಓಡಿಸಿದರೆ ಬಹುಪಾಲು ಮುಚ್ಚುತ್ತದೆ.

ದಾಖಲೆಗಳು ಬೀಗವಿರುವ ಬೀರುವಿನಲ್ಲಿವೆ, ಬೀಗದ ಕೈ ಥೆರಪಿಸ್ಟರ ಬಳಿಯೇ ಇರುತ್ತದೆ. ತೊಂದರೆ ಇರುವುದು ಜೋಡಿಗಳ ಥೆರಪಿಯಲ್ಲಿ. ನಡುವೆ ಗಂಡನನ್ನೊಮ್ಮೆ, ಹೆಂಡತಿಯನ್ನೊಮ್ಮೆ ಬೇರೆ ಬೇರೆ ನೋಡುತ್ತಾರೆ. ಆಗ ಒಬ್ಬರು ಇನ್ನೊಂದು ಸಂಬಂಧದ ಬಗ್ಗೆ ಹೇಳಿದರೆ ಥೆರಪಿಸ್ಟ್ ಏನು ಮಾಡುತ್ತಾರೆ? ಪತ್ರ ಮೌನ. ಬಚ್ಚಿಟ್ಟರೆ ಒಬ್ಬರ ಪಕ್ಷ ಹಿಡಿದಂತಾಗುತ್ತದೆ, ಹೇಳಿದರೆ ಮಾತು ಮುರಿದಂತಾಗುತ್ತದೆ. ‘ಜೋಡಿಯಾಗಿ ಬಂದ ಮೇಲೆ ಒಬ್ಬರ ಗುಟ್ಟು ನಾನು ಇಟ್ಟುಕೊಳ್ಳುವುದಿಲ್ಲ’ ಎಂದೋ, ‘ಇಟ್ಟುಕೊಳ್ಳುತ್ತೇನೆ’ ಎಂದೋ ಮೊದಲ ದಿನವೇ ಇಬ್ಬರ ಎದುರಿಗೂ ಹೇಳಿ ಬರೆದಿಡಬೇಕು.

ಉಡುಗೊರೆಯ ವಿಚಾರದಲ್ಲಿ ಹದವಿದೆ. ಹಬ್ಬಕ್ಕೆ ಒಂದು ಡಬ್ಬಿ ಚಕ್ಕುಲಿ ತಂದರೆ ಎಲ್ಲರ ಮುಂದೆ ಬಿಚ್ಚಿ ಹಂಚುತ್ತಾರೆ; ಸೀರೆ, ಬೆಳ್ಳಿ ತಂದರೆ ಬೇಡವೆಂದು ಕಾರಣ ಹೇಳಿ ಮರಳಿಸುತ್ತಾರೆ. ಆದರೆ ವಾರಾಂತ್ಯಕ್ಕೆ 6,000 ರೂಪಾಯಿಯ ಕಾರ್ಯಾಗಾರ ನಡೆಸಿ, ಥೆರಪಿಗೆ ಬರುವವರಿಗೇ ಅದನ್ನು ಶಿಫಾರಸು ಮಾಡುತ್ತಾರೆ. ಯಾರ ಮಾತು ಮೀರಲಾರೆವೋ ಅವರೇ ಮಾರಲು ನಿಂತರೆ ‘ಬೇಡ’ ಎನ್ನುವುದು ಕಷ್ಟ.

ಬಿಲ್ ಮೇಜಿನ ಮೇಲಿನ ಕ್ಯೂಆರ್ ಕೋಡ್ ಅತ್ಯಂತ ಬೇಸರ ತರಿಸಿದ್ದು: ‘ಗೂಗಲ್‌ನಲ್ಲಿ ಐದು ಸ್ಟಾರ್ ಕೊಡಿ.’ ಈಗ ಥೆರಪಿಯಲ್ಲಿ ಇರುವವರಿಂದ ಪ್ರಶಂಸೆ ಕೇಳಬಾರದೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆಯೇ ಹೇಳುತ್ತದೆ. ಸ್ಟಾರ್ ಕೊಟ್ಟವರು ತಮ್ಮ ಹೆಸರು, ಫೋಟೊ ಸಮೇತ ‘ನಾನಿಲ್ಲಿ ಬರುತ್ತೇನೆ’ ಎಂದು ಊರಿಗೆ ಸಾರಿದಂತೆ. ಕೆಟ್ಟ ವಿಮರ್ಶೆಯೊಂದಕ್ಕೆ ಕೇಂದ್ರ ಹೀಗೆ ಉತ್ತರಿಸಿದೆ: ‘ನೀವು ಮೂರು ಸೆಷನ್ ತಪ್ಪಿಸಿದಿರಿ, ಹೇಳಿದ ಅಭ್ಯಾಸ ಮಾಡಲಿಲ್ಲ.’ ಒಂದೇ ಸಾಲಿನಲ್ಲಿ ಆ ವ್ಯಕ್ತಿ ಬಂದಿದ್ದು, ಎಷ್ಟು ಸಲ ಬಾರದೆ ಹೋದದ್ದು, ಒಳಗೆ ಏನು ನಡೆದದ್ದು ಮೂರೂ ಬಯಲು. ‘ಇಲ್ಲಿ ಯಾರ ಬಗ್ಗೆಯೂ ಮಾತಾಡಲಾರೆವು, ದೂರಿದ್ದರೆ ಕೇಂದ್ರಕ್ಕೆ ತಿಳಿಸಿ’ ಎಂಬುದಕ್ಕಿಂತ ಹೆಚ್ಚು ಬರೆಯುವ ಹಕ್ಕು ಯಾವ ಥೆರಪಿಸ್ಟಿಗೂ ಇಲ್ಲ.

ಪತ್ರದ ಕೊನೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಮತ್ತು ನಿಮ್ಹಾನ್ಸ್‌ನ ತುರ್ತು ವಿಭಾಗದ ದಾರಿ ಅಚ್ಚಾಗಿವೆ. ರಾತ್ರಿ ಥೆರಪಿಸ್ಟ್ ಫೋನ್ ಎತ್ತುವುದಿಲ್ಲವೆಂದೂ ನೇರವಾಗಿ ಬರೆದಿದೆ. ದೂರಿನ ಸಾಲಿನಲ್ಲಿ ಮಾತ್ರ ಇರುವುದು ಕೇಂದ್ರದ ಮಾಲೀಕರ ಇಮೇಲ್ ಒಂದೇ, ಆ ಮಾಲೀಕರೇ ಇಲ್ಲಿನ ಹಿರಿಯ ಥೆರಪಿಸ್ಟ್. ನೋಂದಾಯಿತರ ಮೇಲಿನ ದೂರಿಗೆ ಪುನರ್ವಸತಿ ಪರಿಷತ್ತಿನ ವಿಳಾಸ, ಶುಲ್ಕದ ತಕರಾರಿಗೆ ಗ್ರಾಹಕರ ಆಯೋಗದ ವಿಳಾಸ, ಎರಡೇ ಸಾಲು ಸೇರಿಸಿದರೆ ಆ ಪುಟ ಪೂರ್ತಿಯಾಗುತ್ತದೆ.