ಮಗುವನ್ನು ಅಡ್ಮಿಟ್ ಮಾಡೋದು ಎಲ್ಲಿ? ಹತ್ತಿರದ ನರ್ಸಿಂಗ್ ಹೋಮಾ, ದೊಡ್ಡ ಆಸ್ಪತ್ರೆಯಾ?

ಉಡುಪಿಯ ನಮ್ಮಂಥವರಿಗೆ ಮಳೆಗಾಲದಲ್ಲಿ ಇದೇ ಪ್ರಶ್ನೆ.

ನರ್ಸಿಂಗ್ ಹೋಮಿನಲ್ಲಿ ಹುಟ್ಟಿದಾಗಿನಿಂದ ನೋಡಿದ ಡಾಕ್ಟರೇ ಸಿಗುತ್ತಾರೆ, ಯಾವ ಮದ್ದು ಒಗ್ಗಲ್ಲ ಅಂತ ಅವರಿಗೆ ಬಾಯಿಪಾಠ. ಆದರೆ ಬೆಳಿಗ್ಗೆ, ಸಂಜೆ ರೌಂಡ್ ಮುಗಿಸಿ ಕ್ಲಿನಿಕ್‌ಗೆ ಹೋಗುತ್ತಾರೆ. ನನ್ನ ಮಗಳಿಗೆ ರಾತ್ರಿ 2 ಗಂಟೆಗೆ ಉಸಿರಾಟ ಜೋರಾಗಿ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆಯುತ್ತಿದ್ದಾಗ ನರ್ಸ್ ಫೋನ್ ಹಿಡಿದು ನಿಂತಿದ್ದರು. ಆ ಅರ್ಧ ಗಂಟೆ ಮರೆಯಲ್ಲ.

ಮಣಿಪಾಲ, ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ರಾತ್ರಿಯೂ ಮಕ್ಕಳ ವಿಭಾಗದ ಡ್ಯೂಟಿ ಡಾಕ್ಟರು ಇರುತ್ತಾರೆ. ಅಮೆರಿಕದಲ್ಲಿ ವಾರ್ಡಿನ ಮಕ್ಕಳನ್ನೇ ನೋಡಿಕೊಳ್ಳುವವರಿಗೆ ಪೀಡಿಯಾಟ್ರಿಕ್ ಹಾಸ್ಪಿಟಲಿಸ್ಟ್ ಅನ್ನುತ್ತಾರೆ, 2019ರಿಂದ ಅದಕ್ಕೆ ತಜ್ಞರೆಂದು ಮಾನ್ಯತೆ ಕೊಡುವ ಪ್ರತ್ಯೇಕ ಬೋರ್ಡ್ ಪರೀಕ್ಷೆಯೂ ಇದೆ. ಡ್ರಿಪ್, ಆಕ್ಸಿಜನ್ ಹೆಚ್ಚು ಕಡಿಮೆ ಮಾಡೋದು, ಬೇಕಾದ ತಜ್ಞರನ್ನು ಕರೆಸೋದು, ಡಿಸ್ಚಾರ್ಜ್ ಯಾವಾಗ ಅಂತ ಹೇಳೋದು ಇಂಥ ವಾರ್ಡ್ ಡಾಕ್ಟರ ಕೆಲಸ. ತೊಂದರೆ ಒಂದೇ: ಶಿಫ್ಟ್ ಬದಲಾದರೆ ಮುಖವೂ ಬದಲು, ಕಥೆ ಮತ್ತೆ ಮೊದಲಿಂದ ಹೇಳಬೇಕು.

ವಾಂತಿಭೇದಿಗೆ ಒಂದು ದಿನ ಡ್ರಿಪ್ ಸಾಕು ಅಂದರೆ ನಮ್ಮ ಡಾಕ್ಟರೇ ಸರಿ. ಉಸಿರಾಟದ ತೊಂದರೆ, ಫಿಟ್ಸ್, 3 ತಿಂಗಳೊಳಗಿನ ಮಗುವಿಗೆ ಜ್ವರ ಇದ್ದರೆ ಸುಮ್ನೆ ಕಾಯಬೇಡಿ, ದೊಡ್ಡ ಕಡೆಗೇ ಹೋಗಿ. ಎಲ್ಲೇ ಆದರೂ ಅಡ್ಮಿಟ್ ಮಾಡುವ ಮೊದಲು "ರಾತ್ರಿ ಮಕ್ಕಳ ಡಾಕ್ಟರು ಇಲ್ಲೇ ಇರ್ತಾರಾ?" ಅಂತ ಕೇಳಿ.